ಹೊಳೆ ಎಂಬ ಮಾತಿನ ಅರ್ಥ
(ಬಾನುಲಿ ಭಾಷಣ)

ಶಬ್ದಗಳ ಅರ್ಥ ಬಿಡಿಸಿ ಹೇಳುತ್ತ ಮೂವತ್ತು ವರ್ಷಕ್ಕೂ ಮಿಕ್ಕಿ ಅನ್ನ ಉಂಡವನು ನಾನು. ಆದುದರಿಂದ ಕಾಯಿದೆಯ ಪುಸ್ತಕ ಕೈಗೆ ಬಂದರೂ ಕಣ್ಣು ಮೊದಲು ಹಾಯುವುದು ಅದರ ವ್ಯಾಖ್ಯೆಗಳ ಕಡೆಗೆ. 1974ರಲ್ಲಿ ಸಂಸತ್ತು ಜಲಮಾಲಿನ್ಯ ನಿಯಂತ್ರಣದ ಅಧಿನಿಯಮವನ್ನು ರಚಿಸಿತು. ಮೊದಲಿಗೇ ಅದಕ್ಕೆ ಒಳಪಟ್ಟ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಹೊಳೆ ಎಂಬುದಕ್ಕೆ ಅದು ಕೊಡುವ ಅರ್ಥವನ್ನು ಕೇಳಿ: ನದಿ, ಹರಿಯುತ್ತಿರುವ ಇಲ್ಲವೆ ಸದ್ಯಕ್ಕೆ ಒಣಗಿರುವ ತೊರೆ, ಕಡಲು, ಇವುಗಳ ಜೊತೆಗೆ ನೆಲದಡಿಯ ನೀರೂ ಹೊಳೆಯೇ. ನಮ್ಮ ನಿಘಂಟುಕಾರರಲ್ಲಿ ಯಾರೂ ಇಷ್ಟು ಧೈರ್ಯ ಮಾಡಲಿಲ್ಲ.

ಉಡುಪಿ ಸೀಮೆಯ ನೆಲವನ್ನು ಬಲ್ಲವರಿಗೆ ಇದು ಅತಿಶಯೋಕ್ತಿಯಾಗಿ ತೋರದು. ಕಾರ್ಕಳದ ಹೆಬ್ಬಂಡೆಯನ್ನೂ ಕಾಪುವಿನ ಕಡಲಂಚಿನ ಹೊಯಿಗೆಯನ್ನೂ ಬಿಟ್ಟರೆ ನಡುವೆ ಹೆಚ್ಚಿನೆಡೆ ಮುರಕಲ್ಲು. 1807ರಲ್ಲಿ ಬುಕಾನನ್ ಈ ಕಲ್ಲಿಗೆ, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಶಬ್ದದಿಂದ, ಲ್ಯಾಟರೈಟ್ ಎಂದು ಹೆಸರಿಟ್ಟ. ಮೈತುಂಬ ತೂತಿನ ಕಲ್ಲು. ಸುರಿದ ಮಳೆಯನ್ನು ಕುಡಿದು ಬಾವಿಗೆ ಇಳಿಸುತ್ತದೆ; ಬೇರೆ ಏನನ್ನು ಸುರಿದರೂ ಹಾಗೆಯೇ ಇಳಿಸುತ್ತದೆ.

ಈ ಪಾಠ ನನಗೆ ಪುಸ್ತಕದಿಂದ ಬಂದದ್ದಲ್ಲ. 1994ರಲ್ಲಿ ಮಣಿಪಾಲದ ಇಳಿಜಾರಿನಲ್ಲಿ ಮನೆ ಕಟ್ಟಿಸಿದಾಗ ಹಿತ್ತಿಲಲ್ಲಿ ಇಂಗುಗುಂಡಿಯನ್ನೂ ತೆಗೆಸಿದೆ. ಎರಡನೆಯ ವರ್ಷ ಕೆಳಗಿನ ಮನೆಯ ಅಮ್ಮ ಒಂದು ಚೊಂಬು ನೀರು ಹಿಡಿದು ಮೆಟ್ಟಿಲೇರಿ ಬಂದರು. "ಮಾಷ್ಟ್ರೇ, ಇದನ್ನೊಮ್ಮೆ ಮೂಸಿ ನೋಡಿ ಮಾರಾಯ್ರೆ" ಎಂದರು. ಮೂಸಿದೆ. ಮಣ್ಣಿನ ವಾಸನೆ ಇರಬೇಕು ಎಂದೆ. ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅವರು ಚೊಂಬಿನ ನೀರನ್ನು ನಮ್ಮ ತುಳಸಿಗೂ ಹಾಕದೆ ಅಂಗಳದ ಮೂಲೆಯಲ್ಲಿ ಚೆಲ್ಲಿ ಇಳಿದು ಹೋದರು.

ಒಂದು ಮನೆಯ ಗುಂಡಿ ಮಾಡುವುದು ಇಷ್ಟಾದರೆ ಒಂದು ಊರಿನ ಮಾತೇನು? ಉಡುಪಿ ಕುಡಿಯುವುದು ಬಜೆಯಲ್ಲಿ ಸ್ವರ್ಣೆಗೆ ಕಟ್ಟಿದ ಅಣೆಕಟ್ಟಿನ ನೀರನ್ನು. ಸ್ವರ್ಣೆ ಕಾರ್ಕಳ ಸೀಮೆಯಿಂದ ಇಳಿದು ಬರುವವಳು. ಮೇಲಿನವರು ಬಿಟ್ಟದ್ದು ಕೆಳಗಿನವರ ಪಾಲು. ಆದರೆ ಊರು ತನ್ನ ಕೊಳೆಯನ್ನು ಕಳಿಸುವುದು ಇನ್ನೊಂದು ಕಡೆಗೆ, ಇಂದ್ರಾಳಿಯ ಕಡೆಯಿಂದ ಹರಿದು ಬರುವ ಇಂದ್ರಾಣಿಗೆ. ನಿಟ್ಟೂರಿನಲ್ಲಿ ಶುದ್ಧೀಕರಣ ಘಟಕವೇನೋ ಇದೆ. ಆದರೂ ಕೊಡವೂರು, ಕಲ್ಮಾಡಿಗಳ ದಡದ ಬಾವಿಗಳು ಕೆಟ್ಟುವೆಂಬ ದೂರು ವರ್ಷಗಳಿಂದ ಕೇಳುತ್ತಲೇ ಇದೆ. ನಲ್ಲಿಯ ನೀರು ಕುಡಿಯುವವನಿಗೆ ಬಾವಿಯ ನೆನಪು ಬೇಗ ಮಾಸುತ್ತದೆ.

ಇನ್ನು ನಿಯಮದ ಮಾತು. ಇಂಥ ಘಟಕಗಳಿಂದ ಹೊರಬೀಳುವ ನೀರಿಗೆ 2017ರಲ್ಲಿ ಕೇಂದ್ರ ಸರ್ಕಾರ ಮಿತಿ ಗೊತ್ತುಪಡಿಸಿತು. ಮಲಮೂಲದ ಕೋಲಿಫಾರ್ಮ್ ಜೀವಾಣುಗಳು 100 ಮಿಲಿಲೀಟರಿಗೆ 1000ಕ್ಕಿಂತ ಕಡಿಮೆ ಇರಬೇಕು. ಕುಡಿಯುವ ನೀರಿನಲ್ಲಿಯಾದರೋ ಅದೇ 100 ಮಿಲಿಲೀಟರಿನಲ್ಲಿ ಒಂದೂ ಇರಕೂಡದು. ಸಾವಿರಕ್ಕೂ ಸೊನ್ನೆಗೂ ನಡುವಿನ ಅಂತರವನ್ನು ತುಂಬಿಕೊಡುವವರು ಯಾರು? ಹೊಳೆಯ ಹರಿವು ತುಂಬಿಕೊಡುತ್ತದೆ ಎಂಬುದು ನಿಯಮದ ಒಳನಂಬಿಕೆ. ಆಷಾಢದಲ್ಲಿ ಈ ನಂಬಿಕೆ ನಿಜ. ಆಗ ನೆಲದ ನೀರು ಏರಿ ಹೊಳೆಗೆ ಒಸರುತ್ತದೆ, ಹೊಳೆ ಎಲ್ಲವನ್ನೂ ಕಡಲಿಗೆ ನೂಕುತ್ತದೆ. ಚೈತ್ರದಲ್ಲಿ ಹೊಳೆಯಲ್ಲಿ ಹೆಚ್ಚು ಕಡಮೆ ಬಿಟ್ಟ ನೀರಲ್ಲದೆ ಬೇರೆ ನೀರಿಲ್ಲ. ದಡದ ಪಂಪುಗಳು ಬಾವಿಯ ಮಟ್ಟವನ್ನು ಹೊಳೆಯ ತಳಕ್ಕಿಂತ ಕೆಳಗಿಳಿಸಿದೊಡನೆ ಒಸರಿನ ದಿಕ್ಕೇ ತಿರುಗುತ್ತದೆ: ಹೊಳೆ ಬಾವಿಗೆ ಹರಿಯುತ್ತದೆ. ನೆಲದಡಿಯ ನೀರೂ ಹೊಳೆಯೇ ಎಂದ 1974ರ ಕಾಯಿದೆ ಎಷ್ಟು ಸರಿಯಾಗಿ ನುಡಿದಿತ್ತು ನೋಡಿ!

ಆದಕಾರಣ ನನ್ನ ಅಹವಾಲು ಸಣ್ಣದು. ಪರೀಕ್ಷೆಗೆ ನೀರನ್ನು ಘಟಕದ ಬಾಯಿಯಲ್ಲಿ ಮಾತ್ರ ತೆಗೆದರೆ ಸಾಲದು; ದಡದ ಬಾವಿಗಳಿಂದಲೂ, ಅದೂ ಏಪ್ರಿಲ್ ಮೇ ತಿಂಗಳಲ್ಲಿ ತೆಗೆಯಬೇಕು. ಬಂದ ಅಂಕಿಗಳನ್ನು ಕನ್ನಡದಲ್ಲಿ ಬರೆದು ಆಯಾ ವಾರ್ಡಿನ ಅಂಗಡಿಯ ಗೋಡೆಗೆ ಅಂಟಿಸಬೇಕು. ಬೇಸಗೆಯ ಹೊಳೆಗೆ ಬೇಸಗೆಯ ಮಿತಿಯೇ ಬೇರೆ ಇರಬೇಕು. ಅಪ್ಪಣೆಯಿಲ್ಲದೆ ಕೊಳಚೆಯ ಹೊರದಾರಿ ತೆರೆಯಕೂಡದೆಂದು ಅದೇ ಕಾಯಿದೆಯ 25ನೆಯ ಕಲಮು ಹೇಳುತ್ತದೆ. ಅಪ್ಪಣೆಯ ಜೊತೆಗೆ ಷರತ್ತು ಹಾಕುವ ಅಧಿಕಾರವೂ ಮಂಡಳಿಗೆ ಉಂಟು.

ಕೆಳಗಿನ ಮನೆಯ ಅಮ್ಮ ಈಗಿಲ್ಲ. ನನ್ನ ಗುಂಡಿಯನ್ನು ತಡವಾಗಿಯಾದರೂ ಮುಚ್ಚಿಸಿದೆ. ಅವರ ಬಾವಿಗೆ ಮಗ ಕಬ್ಬಿಣದ ಜಾಳಿಗೆ ಹಾಕಿಸಿದ್ದಾನೆ. ಜೂನ್ ಕಳೆಯುವಾಗ ನೀರು ದಂಡೆಯ ತನಕ ಏರಿ, ತಿಳಿಯಾಗಿ, ಜಾಳಿಗೆಯ ಕೆಳಗೆ ಹೊಳೆಯುತ್ತಿರುತ್ತದೆ. ಗಿಡಗಳಿಗೆ ಹಾಕುತ್ತಾರೆ, ಕುಡಿಯುವುದಿಲ್ಲ.