ಎರಡು ಪತ್ರವ್ಯವಹಾರಗಳು: ಅಮೇರಿಕೆಯದೂ ಕಿತ್ತೂರಿನದೂ
(ಬೆಳಗಾವಿಯ ಉದ್ಯಮಬಾಗದಲ್ಲಿ ಕೂಡಿದ ಸಭೆಯಲ್ಲಿ ಮಾಡಿದ ಭಾಷಣ)



ರಾಜಕಾರಣಿಗಳ ಕಾಗದಗಳನ್ನು ಓದುವಾಗ ನಾವು ಮೊದಲು ಕೇಳಬೇಕಾದ ಪ್ರಶ್ನೆಯೊಂದುಂಟು: ಬರೆದವನೂ ಓದಿದವನೂ ಸಮಾನರಾಗಿದ್ದರೋ ಇಲ್ಲವೋ? ಹತ್ತೊಂಬತ್ತನೆಯ ಶತಮಾನದ ಆರಂಭದ ಎರಡು ಪತ್ರವ್ಯವಹಾರಗಳನ್ನು ಈ ಪ್ರಶ್ನೆಯ ಒರೆಗೆ ಹಚ್ಚಿ ನೋಡೋಣ.

ಜಾನ್ ಆಡಮ್ಸ್, ಥಾಮಸ್ ಜೆಫರ್ಸನ್ ಇಬ್ಬರೂ ಅಮೇರಿಕೆಯ 1776ರ ಸ್ವಾತಂತ್ರ್ಯಘೋಷಣೆಗಾಗಿ ಕೂಡಿ ದುಡಿದವರು, ಇಬ್ಬರೂ ರಾಷ್ಟ್ರಾಧ್ಯಕ್ಷರಾದವರು. ಆದರೆ 1800ರ ಚುನಾವಣೆಯಲ್ಲಿ ಎದುರಾಳಿಗಳಾಗಿ ಬಹುಕಾಲ ಮಾತು ಬಿಟ್ಟರು. ಇಬ್ಬರಿಗೂ ಗೆಳೆಯನಾದ ವೈದ್ಯ ಬೆಂಜಮಿನ್ ರಶ್ ಮನವೊಲಿಸಲಾಗಿ, 1812ರ ಜನವರಿ 1ರಂದು ಆಡಮ್ಸರು ಕಾಗದ ಬರೆದರು. ಮುಂದಿನ ಹದಿನಾಲ್ಕು ವರ್ಷಗಳಲ್ಲಿ ನೂರೈವತ್ತಕ್ಕೂ ಮಿಕ್ಕಿ ಪತ್ರಗಳು ಓಡಾಡಿದವು. ಕುಲದಿಂದ ಬಂದ ಹಿರಿಮೆಗೂ ಗುಣದಿಂದ ಬಂದ ಹಿರಿಮೆಗೂ ಇರುವ ಅಂತರವನ್ನು ಕುರಿತು 1813ರಲ್ಲಿ ದೀರ್ಘವಾಗಿ ವಾದಿಸಿದರು. ಮತಭೇದವು ಅಳಿಯಲಿಲ್ಲ, ಸ್ನೇಹವು ಉಳಿಯಿತು. 1826ರ ಜುಲೈ 4ರಂದು, ಘೋಷಣೆಗೆ ಐವತ್ತು ವರ್ಷ ತುಂಬಿದ ದಿನವೇ, ಇಬ್ಬರೂ ತೀರಿಕೊಂಡರು. ಇಷ್ಟಾದರೂ ಜೆಫರ್ಸನ್ನರ ಹೊಲಗಳಲ್ಲಿ ದುಡಿದ ಗುಲಾಮರಿಗೆ ಈ ಸಮಾನತೆಯಲ್ಲಿ ಪಾಲಿರಲಿಲ್ಲವೆಂಬುದನ್ನು ನಾವು ಮರೆಯಲಾಗದು.

ಆ ಇಬ್ಬರು ಮುದುಕರು ಕಾಗದ ಬರೆಯುತ್ತಿದ್ದ ಕಾಲದಲ್ಲಿಯೇ, ನಮ್ಮ ಜಿಲ್ಲೆಯ ಕಿತ್ತೂರಿನಿಂದಲೂ ಕಾಗದಗಳು ಹೊರಟವು. ದೇಸಾಯಿ ಶಿವಲಿಂಗರುದ್ರಸರ್ಜನು ಮಕ್ಕಳಿಲ್ಲದೆ 1824ರ ಸೆಪ್ಟೆಂಬರ 11ರಂದು ತೀರಿಕೊಂಡನು. ದತ್ತಕದ ಪತ್ರವು ಧಾರವಾಡದ ಕಲೆಕ್ಟರನಾದ ಥ್ಯಾಕರೆಗೆ ತಲುಪಿತು. ಅದರ ಮೇಲಣ ಸಹಿಯನ್ನು ಅವನು ನಂಬಲಿಲ್ಲ, ದತ್ತಕವನ್ನು ಮನ್ನಿಸಲಿಲ್ಲ.

ಸಹಿಯ ಸಂಶಯವು ನಮ್ಮ ನ್ಯಾಯಸ್ಥಾನಗಳಲ್ಲಿ ದಿನದ ಮಾತು. ಅಲ್ಲಿ ಸಾಕ್ಷಿಗಳನ್ನು ಕರೆಯಿಸಿ, ಉಭಯಪಕ್ಷಗಳನ್ನು ಕೇಳಿ, ಮೂರನೆಯವನು ತೀರ್ಪು ಕೊಡುವನು. ಕಿತ್ತೂರಿನ ಪ್ರಕರಣದಲ್ಲಿ ಆ ಮೂರನೆಯವನು ಯಾರು? ದತ್ತಕವು ಸುಳ್ಳಾದರೆ ಸಂಸ್ಥಾನವು ಕಂಪನಿಗೇ ಸೇರುವದು. ಸುಳ್ಳೋ ನಿಜವೋ ಎಂದು ಹೇಳುವವರೂ ಕಂಪನಿಯವರೇ! ಕಮಿಶನರ ಚಾಪ್ಲಿನ್ನನಿಗೂ ಮುಂಬಯಿ ಗವರ್ನರ ಎಲ್ಫಿನ್‌ಸ್ಟನ್ನನಿಗೂ ರಾಣಿ ಚೆನ್ನಮ್ಮನು ಮಾಡಿಕೊಂಡ ಬಿನ್ನಹಗಳು ಫಲಿಸಲಿಲ್ಲ. ಖಜಾನೆಗೆ ಕಂಪನಿಯ ಮುದ್ರೆ ಬಿದ್ದಿತು. ಕಾಗದದಲ್ಲಿ ಸಿಕ್ಕದ ನ್ಯಾಯವನ್ನು ಕೋಟೆಯ ಬಾಗಿಲಲ್ಲಿ ಕೇಳಬೇಕಾಯಿತು. ಅಕ್ಟೋಬರ 23ರ ಕಾಳಗದಲ್ಲಿ ಥ್ಯಾಕರೆಯು ಬಿದ್ದನು. ಡಿಸೆಂಬರದಲ್ಲಿ ದೊಡ್ಡ ಸೈನ್ಯವು ಬಂದು ಕೋಟೆಯನ್ನು ಹಿಡಿಯಿತು. ರಾಣಿಯು ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ದೇಹವಿಟ್ಟಳು.

ಆ ಕಾಳಗದಲ್ಲಿ ಕಿತ್ತೂರಿನವರ ಕೈಸೆರೆಯಾಗಿ ಬದುಕಿ ಹೊರಬಂದ ವಾಲ್ಟರ್ ಎಲಿಯಟ್ಟನು ಮುಂದೆ ಕನ್ನಡನಾಡಿನ ನೂರಾರು ಶಾಸನಗಳ ಪ್ರತಿಗಳನ್ನು ಸಂಗ್ರಹಿಸಿದನು. ಸೆರೆಯಿಟ್ಟವರ ನಾಡಿನ ಅಕ್ಷರಗಳನ್ನು ಆ ಪರದೇಶಸ್ಥನು ಕಾಯ್ದನು. ನಾವು ಕಾಯ್ದುದೆಷ್ಟು?

ಕಿತ್ತೂರಿನ ಕಥೆಯನ್ನು ನಾವು ಬಹುಮಟ್ಟಿಗೆ ಕಂಪನಿಯ ದಫ್ತರಗಳಿಂದಲೇ ಓದುತ್ತ ಬಂದಿದ್ದೇವೆ. ಎಂದರೆ ಪ್ರತಿವಾದಿಯ ಜಬಾನಿಯಿಂದ ವಾದಿಯ ದಾವೆಯನ್ನು ತಿಳಿದಂತೆ. ಬೆಳಗಾವಿ, ಖಾನಾಪುರ, ಬೈಲಹೊಂಗಲಗಳ ಹಳೆಯ ಮನೆತನಗಳ ಅಟ್ಟದ ಮೇಲೆ ಕನ್ನಡದ ಕಡತಗಳೂ ಮೋಡಿ ಲಿಪಿಯ ಕಾಗದಗಳೂ ಗೆದ್ದಲಿನ ಪಾಲಾಗಬಾರದು. ಶಿಕ್ಷಕರು ಮಕ್ಕಳೊಡನೆ ಆ ಮನೆಗಳಿಗೆ ಹೋಗಲಿ. ಓದಬಲ್ಲ ಹಿರಿಯರು ಇರುವಾಗಲೇ ಓದಿಸಿ ನಕಲು ಮಾಡಿಕೊಳ್ಳಲಿ. ಆಡಮ್ಸ್ ಜೆಫರ್ಸನ್ನರ ಕಾಗದಗಳನ್ನು ಅವರ ನಾಡು ಜೋಪಾನ ಮಾಡಿತು. ನಮ್ಮವರ ಬಿನ್ನಹಕ್ಕೆ ಅಂದು ನ್ಯಾಯವಾದ ಓದುಗನು ದೊರೆಯಲಿಲ್ಲ. ಇಂದು ಆ ಓದುಗರು ನಾವಾಗಬೇಕು.