ಕ್ರಿ. ಶ. 1791ರ ದಂಡಯಾತ್ರೆಯೂ ಮಿತ್ರಸೈನ್ಯಗಳ ಅನೈಕಮತ್ಯವೂ



ಪೆರೇಸಂದ್ರವು ಚಿಕ್ಕಬಳ್ಳಾಪುರದಿಂದ ಉತ್ತರಕ್ಕೆ ಬಾಗೇಪಲ್ಲಿಯ ಕಡೆಗೆ ಹೋಗುವ ಹೆದ್ದಾರಿಯ ಮೇಲಿರುವುದು ಸರ್ವರಿಗೂ ತಿಳಿದ ವಿಷಯವಷ್ಟೆ. ಇದರ ದಕ್ಷಿಣಕ್ಕೆ ಚಿಕ್ಕಬಳ್ಳಾಪುರ, ಅದರಾಚೆಗೆ ನಂದಿದುರ್ಗ, ದೇವನಹಳ್ಳಿ. ಹೀಗೆ ಕೋಟೆಗಳ ಸಾಲಿನಂತಿರುವ ಈ ಸೀಮೆಯು ಕ್ರಿ. ಶ. 1791ರಲ್ಲಿ ಹಲವು ಸೈನ್ಯಗಳ ತುಳಿತಕ್ಕೆ ಸಿಕ್ಕಿತು. ಆ ವೃತ್ತಾಂತವು ವಿಚಾರಪರರಿಗೆ ಇಂದಿಗೂ ಮನನಯೋಗ್ಯವಾಗಿದೆ.

ಟಿಪ್ಪೂಸುಲ್ತಾನನನ್ನು ಜಯಿಸಬೇಕೆಂದು ಇಂಗ್ಲಿಷರು 1790ರಲ್ಲಿ ಪುಣೆಯ ಪೇಶವೆಯೊಡನೆಯೂ ಹೈದರಾಬಾದಿನ ನಿಜಾಮನೊಡನೆಯೂ ಕೌಲು ಮಾಡಿಕೊಂಡರು. ಗೆದ್ದ ನಾಡನ್ನು ಮೂವರೂ ಸಮನಾಗಿ ಹಂಚಿಕೊಳ್ಳಬೇಕೆಂಬುದು ಅದರ ಸಾರ. ಪಾಲಿನ ಮಾತು ಸ್ಪಷ್ಟವಾಗಿದ್ದಿತು. ಒಬ್ಬರ ಸುದ್ದಿ ಮತ್ತೊಬ್ಬರಿಗೆ ಮುಟ್ಟುವ ಬಗೆ ಮಾತ್ರ ಭದ್ರವಾಗಿರಲಿಲ್ಲ. ಮುಂದಿನ ಅನರ್ಥಗಳಿಗೆಲ್ಲ ಇದೇ ಬೀಜವಾಯಿತು.

1791ರ ಮಾರ್ಚಿ 21ರ ರಾತ್ರಿ ಕಾರ್ನ್‌ವಾಲಿಸನು ಬೆಂಗಳೂರು ಕೋಟೆಯನ್ನು ಹಿಡಿದನು. ಅನಂತರ ನಿಜಾಮನ ಕುದುರೆದಂಡನ್ನು ಕೂಡಿಕೊಳ್ಳಲು ಉತ್ತರಾಭಿಮುಖವಾಗಿ ಹೊರಟು ಈ ಸೀಮೆಯನ್ನು ಪ್ರವೇಶಿಸಿದನು. ದೇವನಹಳ್ಳಿಯೂ ಚಿಕ್ಕಬಳ್ಳಾಪುರವೂ ಅವನಿಗೆ ವಶವಾದವು. ಚಿಕ್ಕಬಳ್ಳಾಪುರವನ್ನು ಹಳೆಯ ಪಾಳೆಯಗಾರ ವಂಶದ ನಾರಾಯಣಗೌಡನಿಗೆ ಒಪ್ಪಿಸಲಾಯಿತು. ಆದರೆ ಒಪ್ಪಿಸಿದವರು ಮುಂದೆ ನಡೆದರು. ಕಾಯುವ ಬಲವನ್ನು ಬಿಟ್ಟುಹೋಗಲಿಲ್ಲ. ಸುಲ್ತಾನನ ಕಡೆಯವರು ಮರಳಿ ಬಂದು ಊರನ್ನು ಕಿತ್ತುಕೊಂಡರು. ಬಲಿಷ್ಠರ ಆಶ್ವಾಸನವನ್ನು ನಂಬಿದ ಸಣ್ಣವರಿಗೆ ಒದಗಿದ ಗತಿಯಿದು.

ಏಪ್ರಿಲ್ ನಡುವಿನಲ್ಲಿ ಸುಮಾರು 10,000 ಕುದುರೆಸವಾರರ ನಿಜಾಮನ ದಂಡು ಬಂದು ಸೇರಿತು. ನೋಡುವುದಕ್ಕೆ ವೈಭವ, ಕೆಲಸಕ್ಕೆ ಭಾರ. ಶತ್ರುವಿನ ಹಗುರ ಸವಾರರನ್ನು ಅಟ್ಟಿ ಮೇವು ತರಬೇಕಾದವರು ಪಾಳೆಯವನ್ನು ಬಿಟ್ಟು ದೂರ ಹೋಗಲೊಲ್ಲದೆ, ಇದ್ದ ಮೇವನ್ನೇ ತಿಂದು ಮುಗಿಸಿದರೆಂದು ಇಂಗ್ಲಿಷ್ ಲೇಖಕರು ದೂರಿದ್ದಾರೆ.

ಮೇ ತಿಂಗಳ ಮೊದಲಲ್ಲಿ ಸೈನ್ಯವು ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೊರಟಿತು. ಸುಲ್ತಾನನು ದಾರಿಯ ಮೇವು ಧಾನ್ಯಗಳನ್ನು ಮುಂಚೆಯೇ ಸುಡಿಸಿದ್ದನು. 15ರಂದು ಅರಕೆರೆಯ ಬಳಿ ಕಾರ್ನ್‌ವಾಲಿಸನಿಗೆ ಜಯವು ದೊರಕಿತು; ಆದರೆ ಜಯವನ್ನು ಉಣ್ಣಲಾಗುವುದಿಲ್ಲವಷ್ಟೆ! ಅಕ್ಕಿ ತೀರಿತು, ಮಳೆ ಹಿಡಿಯಿತು, ಜಾಡ್ಯದಿಂದ ಎತ್ತುಗಳು ಗುಂಪುಗುಂಪಾಗಿ ಸತ್ತವು. ಫಿರಂಗಿಗಳನ್ನು ಎಳೆಯುವವರಿಲ್ಲದೆ 22ರಂದು ಕೋಟೆ ಒಡೆಯುವ ಭಾರಿ ಫಿರಂಗಿಗಳನ್ನು ಅವನು ತಾನೇ ನಾಶಮಾಡಿಸಿದನು. ಕೊಡಗಿನ ಮಾರ್ಗವಾಗಿ ಪಿರಿಯಾಪಟ್ಟಣದವರೆಗೆ ಬಂದಿದ್ದ ಅಬರ್‌ಕ್ರಾಂಬಿಯ ಮುಂಬಯಿ ಸೈನ್ಯಕ್ಕೂ ಹಿಂತಿರುಗುವಂತೆ ಅಪ್ಪಣೆಯಾಯಿತು.

26ರಂದು ಸೈನ್ಯವು ಹಿಮ್ಮೆಟ್ಟತೊಡಗಿದಾಗ ಎದುರಿನಲ್ಲಿ ಸವಾರರ ತಂಡವೊಂದು ಕಂಡಿತು. ಶತ್ರುಗಳೆಂದು ಭಾವಿಸಿ ಎದುರಿಸಲು ಸಿದ್ಧರಾದರು. ಅಷ್ಟರಲ್ಲಿ ಒಬ್ಬ ಸವಾರನು ಮುಂದೆ ಬಂದು ತಾವು ಮರಾಠರೆಂದು ತಿಳಿಸಿದನು. ಹರಿಪಂತ ಫಡಕೆಯೂ ಪರಶುರಾಮ ಭಾವುವೂ ದೊಡ್ಡ ಸೈನ್ಯದೊಡನೆ, ತುಂಬಿದ ಬಜಾರಿನೊಡನೆ, ಒಂದು ಪಯಣದಷ್ಟು ಸಮೀಪದಲ್ಲಿಯೇ ಇದ್ದರು! ಅವರು ಬರೆದ ಓಲೆಗಳನ್ನು ಸುಲ್ತಾನನ ಸವಾರರು ದಾರಿಯಲ್ಲಿಯೇ ತಡೆದಿದ್ದರು. ಫಿರಂಗಿಗಳು ಒಡೆದು ನಾಲ್ಕೇ ದಿನಗಳಾಗಿದ್ದವು. ಮರಾಠರ ಬಜಾರಿನಲ್ಲಿ ಧಾನ್ಯವು ದೊರೆತುದೇನೋ ನಿಜ. ಆದರೆ ಮಿತ್ರರಿಗೂ ಅದು ದುಬಾರಿ ಬೆಲೆಗೇ ದೊರೆಯಿತು. ಹರಿಪಂತನೂ ತನ್ನ ಸೈನ್ಯದ ಖರ್ಚಿಗೆ ಇಂಗ್ಲಿಷರಿಂದ ಸಾಲ ಕೇಳಿದನು.

ಮರಾಠರು ತಡವಾಗಿ ಬಂದುದಕ್ಕೂ ಕಾರಣವಿದ್ದಿತು. ಪರಶುರಾಮ ಭಾವುವು ಧಾರವಾಡದ ಕೋಟೆಯ ಮುಂದೆ ಆರು ತಿಂಗಳಿಗೂ ಮಿಕ್ಕಿ ಕುಳಿತಿದ್ದನು. ಅವನಿಗೆ ಬೇಕಾದುದು ತುಂಗಭದ್ರೆಯ ಬಳಿಯ ನಾಡು. ಇಂಗ್ಲಿಷರಿಗೆ ಬೇಕಾದುದು ರಾಜಧಾನಿ. ಅದೇ 1791ರಲ್ಲಿ ಅವನ ದಂಡಿನ ಪಿಂಡಾರಿಗಳು ಶೃಂಗೇರಿಯ ಮಠವನ್ನು ಸುಲಿದರು. ಮಠದ ಪುನರುದ್ಧಾರಕ್ಕೆ ನೆರವಿತ್ತವನು ಟಿಪ್ಪುವೇ ಎಂಬುದು ಅವನು ಜಗದ್ಗುರುಗಳಿಗೆ ಬರೆಯಿಸಿದ ಕನ್ನಡ ಪತ್ರಗಳಿಂದ ತಿಳಿಯುತ್ತದೆ. ಸ್ವಧರ್ಮದವರ ಸೈನ್ಯವೆಂದ ಮಾತ್ರಕ್ಕೆ ಮಠವು ಸುರಕ್ಷಿತವೆಂದು ಹೇಳಲಾಗದು.

ಅಕ್ಟೋಬರಿನಲ್ಲಿ ನಂದಿದುರ್ಗವು ಸುಮಾರು ಮೂರು ವಾರಗಳ ಮುತ್ತಿಗೆಯ ಬಳಿಕ ಇಂಗ್ಲಿಷರಿಗೆ ಬಿದ್ದಿತು. 1792ರ ಫೆಬ್ರವರಿ 6ರ ರಾತ್ರಿ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣದ ಹೊರಪಾಳೆಯದ ಮೇಲೆ ಬಿದ್ದಾಗ ತನ್ನ ಸೈನ್ಯವು ಹೊರಟ ಮೇಲೆಯೇ ಮಿತ್ರರಿಗೆ ಸುದ್ದಿ ಕಳುಹಿಸಿದನು. ಮೊದಲ ವರ್ಷ ಸುದ್ದಿ ಮುಟ್ಟದೆ ಕೆಟ್ಟಿತು; ಎರಡನೆಯ ವರ್ಷ ಸುದ್ದಿಯನ್ನು ಬೇಕೆಂದೇ ಮುಚ್ಚಿಡಲಾಯಿತು. ಪರಶುರಾಮ ಭಾವುವೋ ಶಿವಮೊಗ್ಗೆ, ಬಿದನೂರುಗಳ ಕಡೆ ತಿರುಗಿ, ಯುದ್ಧವೆಲ್ಲ ಮುಗಿದ ಮೇಲೆ ಬಂದನು. ಮಾರ್ಚಿಯಲ್ಲಾದ ಕೌಲಿನಿಂದ ಸುಲ್ತಾನನ ಅರ್ಧ ರಾಜ್ಯವೂ 3 ಕೋಟಿ 30 ಲಕ್ಷ ರೂಪಾಯಿಗಳೂ ಗೆದ್ದವರ ಪಾಲಾದವು. ಅವನ ಇಬ್ಬರು ಮಕ್ಕಳು ಒತ್ತೆಯಾಗಿ ಹೋದರು.

ಪಾಲು ಪಡೆದವರ ಮೈತ್ರಿಯಾದರೂ ಉಳಿಯಿತೇ? 1795ರಲ್ಲಿ ಖರ್ಡಾ ಎಂಬಲ್ಲಿ ಮರಾಠರೂ ನಿಜಾಮನೂ ತಮ್ಮೊಳಗೇ ಹೊಡೆದಾಡಿದರು. 1803ರಲ್ಲಿ ಇಂಗ್ಲಿಷರು ಮರಾಠ ಸರದಾರರ ಮೇಲೆಯೇ ಯುದ್ಧಕ್ಕೆ ನಿಂತರು.

ಇದರಿಂದ ಗ್ರಹಿಸತಕ್ಕುದೇನು? ಲಾಭದ ಹಂಚಿಕೆಯನ್ನು ಮೊದಲು ಬರೆದು ಕಷ್ಟದ ಹಂಚಿಕೆಯನ್ನು ಬರೆಯದ ಕೂಟವು ಕೂಟವಲ್ಲ. ಅಂತಹ ಕೂಟವು ಗೆದ್ದರೂ ಅದರ ವೆಚ್ಚವನ್ನು ತೆರುವವರು ಕೌಲಿಗೆ ರುಜು ಹಾಕದವರು: ಮೇವು ಸುಟ್ಟುಹೋದ ರೈತನು, ಕೈಬಿಟ್ಟ ಚಿಕ್ಕಬಳ್ಳಾಪುರವು, ಸುಲಿಗೆಯಾದ ಶೃಂಗೇರಿಯು. ಹತ್ತು ಊರಿನವರು ಕೂಡಿ ಒಂದು ಕೆರೆಯನ್ನು ತೋಡುವಾಗಲೂ, ಒಂದು ಮಠವನ್ನು ನಡೆಯಿಸುವಾಗಲೂ, ಯಾರ ಮಾತು ಯಾರಿಗೆ ಮುಟ್ಟಲಿಲ್ಲವೆಂಬುದನ್ನು ಫಿರಂಗಿ ಒಡೆಯುವ ಮುನ್ನವೇ ವಿಚಾರಿಸಿಕೊಳ್ಳುವುದು ಶ್ರೇಯಸ್ಕರವು.