ಫೋನಿಗೂ ಕಿಲುಬು ಹಿಡಿಯುತ್ತದೆ

ಮಕ್ಕಳೇ, ದೊಡ್ಡಬಳ್ಳಾಪುರದ ನೇಕಾರರ ಬೀದಿಯ ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳಿ. ಒಳಗೆ ಮಗ್ಗದ ಟಕಟಕ ಸದ್ದು, ಹೊರಗೆ ಬಾಗಿಲ ಪಕ್ಕದಲ್ಲಿ ಸಿಮೆಂಟಿನ ನೀರಿನ ತೊಟ್ಟಿ. ಶಾಲೆಯಿಂದ ಬಂದ ಹುಡುಗಿ ಅಪ್ಪನ ಫೋನನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಕಾಲು ತೊಳೆಯಲು ಬಗ್ಗಿದಳು. ಗುಳುಂ!

"ಅಪ್ಪಾ... ಫೋನು!"

ಅಪ್ಪ ಮಗ್ಗ ನಿಲ್ಲಿಸಿ ಓಡಿಬಂದರು. ಮೊಣಕೈವರೆಗೂ ಕೈ ಮುಳುಗಿಸಿ ಫೋನ್ ಎತ್ತಿದರು. ಪರದೆ ಇನ್ನೂ ಬೆಳಗುತ್ತಿತ್ತು. "ಅಳಬೇಡಮ್ಮ, ಏನೂ ಆಗಿಲ್ಲ. ಇರು, ಮಾಮನಿಗೊಂದು ಫೋನ್ ಮಾಡಿ ನೋಡ್ತೀನಿ" ಎಂದರು. ಒಳಗಿನಿಂದ ಅಜ್ಜಿ ಕೂಗಿದರು: "ಅಕ್ಕಿ ಡಬ್ಬದೊಳಗೆ ಹೂತಿಡೋ, ಬೆಳಗ್ಗೆ ಹೊತ್ತಿಗೆ ಸರಿಹೋಗುತ್ತೆ!"

ಇಬ್ಬರೂ ಒಳ್ಳೆಯದಾಗಲೆಂದೇ ಹೇಳಿದರು. ಆದರೆ ಇಬ್ಬರ ಉಪಾಯವೂ ತಪ್ಪು. ಯಾಕೆ ಎಂದು ತಿಳಿಯಲು ಅದೇ ಅಜ್ಜಿಯ ಅಡುಗೆಮನೆಗೆ ಹೋಗೋಣ ಬನ್ನಿ. ಉತ್ತರ ಅಲ್ಲೇ ಇದೆ.

ಹಿತ್ತಾಳೆ ಚೊಂಬು ಹೇಳುವ ಕಥೆ

ಹಿತ್ತಾಳೆ ಚೊಂಬನ್ನು ಒದ್ದೆಯಾಗಿಯೇ ಮೂಲೆಯಲ್ಲಿಟ್ಟು ಮರೆತರೆ ಏನಾಗುತ್ತದೆ? ಕೆಲವು ದಿನಕ್ಕೆ ಅದರ ಮೇಲೆ ಹಸಿರು ಹಸಿರಾದ ಪದರ ಕಟ್ಟುತ್ತದೆ. ಅದೇ ಕಿಲುಬು. ಹಿತ್ತಾಳೆಯಲ್ಲಿರುವುದು ತಾಮ್ರ ಮತ್ತು ಸತು. ಆ ತಾಮ್ರ ನೀರು, ಗಾಳಿಯ ಜೊತೆ ಸೇರಿ ಬೇರೆಯದೇ ವಸ್ತುವಾಗಿ ಮಾರ್ಪಡುತ್ತದೆ. ಕಬ್ಬಿಣಕ್ಕೆ ತುಕ್ಕು ಹೇಗೋ ತಾಮ್ರಕ್ಕೆ ಕಿಲುಬು ಹಾಗೆ. ಹಬ್ಬದ ಹಿಂದಿನ ದಿನ ಅಜ್ಜಿ ಹುಣಸೆಹಣ್ಣು ಹಚ್ಚಿ ತಿಕ್ಕುವುದು ಇದನ್ನು ತೆಗೆಯಲೆಂದೇ. ಹುಣಸೆಯ ಹುಳಿಯಲ್ಲಿ ಕಿಲುಬು ಕರಗುತ್ತದೆ.

ಈಗ ಫೋನಿನ ಹೊಟ್ಟೆಯೊಳಗೆ ಇಣುಕೋಣ. ಅಲ್ಲಿ ಒಂದು ಪುಟ್ಟ ಹಲಗೆಯಿದೆ. ರಿಪೇರಿ ಅಂಗಡಿಯವರು ಅದನ್ನು ಬೋರ್ಡ್ ಎನ್ನುತ್ತಾರೆ. ಅದರ ತುಂಬ ತಾಮ್ರದ ಗೆರೆಗಳು. ಊರಿನ ಬೀದಿಗಳಲ್ಲಿ ಜನ ಓಡಾಡುವಂತೆ ಈ ಗೆರೆಗಳಲ್ಲಿ ವಿದ್ಯುತ್ ಓಡಾಡುತ್ತದೆ. ಒಂದು ಗೆರೆಗೂ ಪಕ್ಕದ ಗೆರೆಗೂ ನಡುವೆ ಇರುವ ಜಾಗ ಕೂದಲೆಳೆಯಷ್ಟು ಮಾತ್ರ. ನೀರು ಹೊಕ್ಕರೆ ಈ ತಾಮ್ರಕ್ಕೂ ಕಿಲುಬು ಹಿಡಿಯುತ್ತದೆ. ಚೊಂಬಿಗೆ ದಿನಗಟ್ಟಲೆ ಬೇಕು. ಆನ್ ಇರುವ ಫೋನಿಗೆ ಕೆಲವೊಮ್ಮೆ ನಿಮಿಷಗಳೇ ಸಾಕು. ಅಷ್ಟೊಂದು ಅವಸರ ಎಲ್ಲಿಂದ ಬಂತು?

ನೀರು, ಉಪ್ಪು, ಕರೆಂಟು

ಮನೆಯ ಯುಪಿಎಸ್ ಬ್ಯಾಟರಿಗೆ ನಲ್ಲಿ ನೀರು ಹಾಕುವುದಿಲ್ಲ, ಅಂಗಡಿಯಿಂದ ಡಿಸ್ಟಿಲ್ಡ್ ವಾಟರ್ ತಂದು ಹಾಕುತ್ತಾರೆ, ನೋಡಿದ್ದೀರಾ? ಅದು ಬಟ್ಟಿ ಇಳಿಸಿದ ಶುದ್ಧ ನೀರು. ಅಂಥ ನೀರಿನಲ್ಲಿ ವಿದ್ಯುತ್ ಹರಿಯುವುದು ಬಹಳ ಕಷ್ಟ. ನಮ್ಮ ತೊಟ್ಟಿಯ ನೀರು ಹಾಗಲ್ಲ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಕಡೆ ಸಾವಿರ ಅಡಿ ದಾಟಿದ ಕೊಳವೆಬಾವಿಗಳಿವೆ. ಅಷ್ಟು ಆಳದಿಂದ ಬರುವ ನೀರು ಕಲ್ಲಿನೊಳಗಿನ ಲವಣಗಳನ್ನು ಕರಗಿಸಿಕೊಂಡೇ ಮೇಲೆ ಬರುತ್ತದೆ. ನಲ್ಲಿಯ ಬಾಯಿಗೆ, ನೀರು ಕಾಯಿಸುವ ಪಾತ್ರೆಯ ತಳಕ್ಕೆ ಬಿಳಿಯಾಗಿ ಕಟ್ಟಿಕೊಳ್ಳುತ್ತದಲ್ಲ, ಅದು ಈ ಲವಣವೇ. ಕರಗಿದ ಲವಣ ಇದ್ದರೆ ನೀರಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ.

ಫೋನಿನ ಬ್ಯಾಟರಿಯ ವೋಲ್ಟೇಜ್ ಸುಮಾರು 3.7 ವೋಲ್ಟ್. ನೀರನ್ನು ಜಲಜನಕ, ಆಮ್ಲಜನಕವಾಗಿ ಒಡೆಯಲು ಕನಿಷ್ಠ ಸುಮಾರು 1.23 ವೋಲ್ಟ್ ಬೇಕು. ಅಂದರೆ ಬೋರ್ಡಿನ ಮೇಲೆ ಬಿದ್ದ ಒಂದು ಹನಿಯೊಳಗೆ ಪುಟ್ಟದೊಂದು ಪ್ರಯೋಗಶಾಲೆಯೇ ಶುರುವಾಗುತ್ತದೆ. ಧನ ತುದಿಯ ಗೆರೆಯಿಂದ ತಾಮ್ರದ ಕಣಗಳು ಕಳಚಿ ನೀರಿಗೆ ಇಳಿಯುತ್ತವೆ, ಈಜಿಕೊಂಡು ಹೋಗಿ ಋಣ ತುದಿಯ ಗೆರೆಗೆ ಅಂಟಿಕೊಳ್ಳುತ್ತವೆ. ಒಂದರ ಮೇಲೊಂದು ಅಂಟುತ್ತಾ ಮರದ ಕೊಂಬೆಯಂತೆ ಬೆಳೆಯುತ್ತವೆ. ಕೊಂಬೆ ಎದುರಿನ ಗೆರೆಯನ್ನು ಮುಟ್ಟಿತೋ, ವಿದ್ಯುತ್ತು ಹೋಗಬಾರದ ಕಡೆಗೆ ನುಗ್ಗುತ್ತದೆ. ಅಂಗಡಿಯವರು "ಬೋರ್ಡ್ ಶಾರ್ಟ್ ಆಗಿದೆ" ಎನ್ನುವುದು ಇದಕ್ಕೇ.

ನೀರು, ಉಪ್ಪು, ಕರೆಂಟು ಮೂರೂ ಒಟ್ಟಿಗೆ ಸೇರಿದಾಗಲೇ ಇಷ್ಟು ಬೇಗ ಹಾನಿ. ಬಿದ್ದ ನೀರನ್ನೂ ಅದರೊಳಗಿನ ಉಪ್ಪನ್ನೂ ಆ ಕ್ಷಣಕ್ಕೆ ನಾವು ಹೊರಗೆ ತೆಗೆಯಲಾರೆವು. ಕರೆಂಟನ್ನು ಮಾತ್ರ ಕೂಡಲೇ ನಿಲ್ಲಿಸಬಹುದು. "ಫೋನ್ ಮಾಡಿ ನೋಡ್ತೀನಿ" ಎಂದ ಅಪ್ಪ ಎಡವಿದ್ದು ಇಲ್ಲಿ. ಬೆಳಗುತ್ತಿದ್ದ ಪರದೆಯನ್ನು ಅವರು ಮೊದಲು ಆರಿಸಬೇಕಿತ್ತು.

ಮೊದಲ ಐದು ನಿಮಿಷ

ಫೋನು ಚಾರ್ಜಿಗೆ ಹಾಕಿದ್ದಾಗಲೇ ಒದ್ದೆಯಾದರೆ ಅದನ್ನೂ ಅದರ ವೈರನ್ನೂ ಮುಟ್ಟಲೇಬೇಡಿ. ಗೋಡೆಯಲ್ಲಿರುವುದು 230 ವೋಲ್ಟ್. ದೊಡ್ಡವರನ್ನು ಕರೆಯಿರಿ. ಅವರು ಒಣ ಕೈಯಿಂದ ಗೋಡೆಯ ಸ್ವಿಚ್ ಆರಿಸಲಿ, ಆಮೇಲೆ ಮಿಕ್ಕಿದ್ದು.

ಫೋನನ್ನು ನೀರಿನಿಂದ ತೆಗೆದ ಕೂಡಲೇ ಆಫ್ ಮಾಡಿ. ಆಟ ಓಡುತ್ತಿದೆಯಾ, ಹಾಡು ಕೇಳುತ್ತಿದೆಯಾ ಎಂದು ಪರೀಕ್ಷೆ ಮಾಡಬೇಡಿ. ಕವರ್ ಕಳಚಿ. ಸಿಮ್ ಇಡುವ ತಟ್ಟೆಯನ್ನು ಹೊರಗೆ ಎಳೆಯಿರಿ. ಬಟನ್ ಫೋನಾದರೆ ಹಿಂದಿನ ಮುಚ್ಚಳ ತೆಗೆದು ಬ್ಯಾಟರಿಯನ್ನೇ ಬಿಚ್ಚಿಡಿ. ಟಿವಿ ರಿಮೋಟ್, ಆಟದ ಕಾರು ಒದ್ದೆಯಾದರೂ ಅಷ್ಟೇ, ಮೊದಲು ಸೆಲ್ ತೆಗೆಯಿರಿ. ಹಳೆಯ ಪಂಚೆಯ ತುಂಡಿನಿಂದ ಮೆತ್ತಗೆ ಒರೆಸಿ. ಚಾರ್ಜರ್ ಚುಚ್ಚುವ ತೂತು ಕೆಳಮುಖವಾಗಿರುವಂತೆ ಹಿಡಿದು ಅಂಗೈಗೆ ಹಗುರವಾಗಿ ತಟ್ಟಿ. ಬಾಯಿಂದ ಊದಿದರೆ ನೀರು ಇನ್ನೂ ಒಳಕ್ಕೆ ಹೋಗುತ್ತದೆ.

ಒಲೆಯ ಪಕ್ಕ, ಸುಡುವ ಬಿಸಿಲು, ಕೂದಲು ಒಣಗಿಸುವ ಡ್ರೈಯರ್ ಯಾವುದೂ ಬೇಡ. ಒಳಗಿರುವ ಲಿಥಿಯಂ ಬ್ಯಾಟರಿಗೆ ಬಿಸಿ ಎಂದರೆ ಆಗದು. ಬ್ಯಾಟರಿ ಉಬ್ಬಿದ್ದರೆ, ಬಿಸಿಯಾಗಿದ್ದರೆ, ಏನೋ ವಾಸನೆ ಬರುತ್ತಿದ್ದರೆ ಹತ್ತಿರವೇ ಹೋಗದೆ ದೊಡ್ಡವರಿಗೆ ಹೇಳಿ. ಅದಕ್ಕೆ ಬೆಂಕಿ ಹತ್ತಬಹುದು.

ಅಕ್ಕಿ ಡಬ್ಬದ ಪರೀಕ್ಷೆ

ಈಗ ಅಜ್ಜಿಯ ಉಪಾಯಕ್ಕೆ ಬರೋಣ. ಅಕ್ಕಿ ನೀರು ಹೀರುವುದು ನಿಜ. ಆದರೆ ತನ್ನನ್ನು ಮುಟ್ಟಿದ ನೀರನ್ನು ತಾನೆ ಅದು ಹೀರುವುದು? ಫೋನಿನೊಳಗಿನ ನೀರು ಎಲ್ಲಿ ಅಡಗಿದೆ ಗೊತ್ತೇ? ಸೀರೆಯ ಅಂಚು ನೀರಿಗೆ ತಾಗಿದರೆ ನೀರು ತಾನಾಗಿಯೇ ಎಳೆಗಳ ನಡುವೆ ಮೇಲೇರುತ್ತದೆ. ಸಣ್ಣ ಸಂದು ಸಿಕ್ಕರೆ ನುಸುಳಿ ಹಿಡಿದುಕೊಳ್ಳುವುದು ನೀರಿನ ಗುಣ. ಫೋನಿನಲ್ಲೂ ಹಾಗೆಯೇ, ಬೋರ್ಡಿನ ಮೇಲೆ ಕೂರಿಸಿರುವ ಚಿಪ್‌ಗಳ ಅಡಿಯ ಸಂದಿನೊಳಗೆ ಅದು ಕುಳಿತುಬಿಡುತ್ತದೆ.

ಬೇಕಾದರೆ ಮನೆಯಲ್ಲಿ ಮಾಡಿ ನೋಡಿ. ಕಿರಿದಾದ ಬಾಯಿಯ ಎರಡು ಪುಟ್ಟ ಸೀಸೆ ತೆಗೆದುಕೊಳ್ಳಿ. ಎರಡಕ್ಕೂ ಹತ್ತತ್ತು ಹನಿ ನೀರು ಹಾಕಿ. ಒಂದನ್ನು ಅಕ್ಕಿ ಡಬ್ಬದಲ್ಲಿ ಬಾಯಿ ಮೇಲಾಗಿ ಹೂತು, ಡಬ್ಬದ ಮುಚ್ಚಳ ಹಾಕಿ. ಇನ್ನೊಂದನ್ನು ಹಾಗೇ ಕಿಟಕಿಯ ಬಳಿ ಇಡಿ. ಇನ್ನೂ ಹತ್ತು ಹನಿಯನ್ನು ಸ್ಟೀಲ್ ತಟ್ಟೆಯ ಮೇಲೆ ಹರಡಿ, ಫ್ಯಾನಿನ ಕೆಳಗಿಡಿ. ಮಾರನೆಯ ದಿನ ನೋಡಿ. ತಟ್ಟೆ ಎಂದೋ ಒಣಗಿರುತ್ತದೆ. ಸೀಸೆಗಳೆರಡರಲ್ಲೂ ನೀರು ಉಳಿದಿರುತ್ತದೆ. ಒಳಗಿನ ನೀರು ಹೊರಗೆ ಬರಲು ಬಾಗಿಲು ದೊಡ್ಡದಾಗಬೇಕು, ಗಾಳಿ ಆಡಬೇಕು. ಸುತ್ತ ಅಕ್ಕಿ ಸುರಿದರೆ ಬಾಗಿಲು ದೊಡ್ಡದಾಗುವುದಿಲ್ಲ. ಮೇಲಾಗಿ ಅಕ್ಕಿಯ ಹಿಟ್ಟು, ನುಚ್ಚು ಫೋನಿನ ತೂತುಗಳೊಳಗೆ ಸೇರಿಕೊಳ್ಳುತ್ತದೆ. ಐಫೋನ್ ತಯಾರಿಸುವ ಆಪಲ್ ಕಂಪನಿಯೂ ಒದ್ದೆ ಫೋನನ್ನು ಅಕ್ಕಿಯಲ್ಲಿ ಇಡಬೇಡಿ ಎಂದು 2024ರಲ್ಲಿ ತನ್ನ ಸೂಚನೆಯಲ್ಲಿ ಹೇಳಿತು. ಗಾಳಿಯಾಡುವ ಕಡೆ, ಫ್ಯಾನಿನ ಎದುರು ಇಡುವುದೇ ಮೇಲು.

ಆ ಸ್ಟೀಲ್ ತಟ್ಟೆಯನ್ನು ತೊಳೆಯುವ ಮುನ್ನ ಇನ್ನೊಮ್ಮೆ ನೋಡಿ. ನೀರು ಹೋದರೂ ಬಿಳಿಯ ಕಲೆ ಉಳಿದಿದೆ ಅಲ್ಲವೇ? ನೀರು ಆವಿಯಾಯಿತು, ಲವಣ ಅಲ್ಲೇ ಕುಳಿತಿತು. ಫೋನಿನ ಬೋರ್ಡಿನ ಮೇಲೂ ಇದೇ ಆಗುತ್ತದೆ. ಮುಂದೆ ಮಳೆಗಾಲದ ತೇವ ತಾಗಿದರೆ ಆ ಕಲೆ ಮತ್ತೆ ಹಸಿಯಾಗಿ ಕಿಲುಬಿನ ಕೆಲಸ ಮುಂದುವರಿಯುತ್ತದೆ. "ಅವತ್ತು ಚೆನ್ನಾಗೇ ಇತ್ತು, ತಿಂಗಳಾದ ಮೇಲೆ ಕೆಟ್ಟಿತು" ಎಂದು ಎಷ್ಟೋ ಜನ ಹೇಳುವುದರ ಗುಟ್ಟು ಇದು. ಒಣಗಿದ್ದೆಲ್ಲ ಶುಚಿಯಾಗಿದೆ ಎಂದಲ್ಲ.

ಅಂಗಡಿಯಲ್ಲಿ ಏನು ಮಾಡುತ್ತಾರೆ?

ಅದಕ್ಕೇ ಫೋನನ್ನು ಆಫ್ ಮಾಡಿಕೊಂಡು ಆದಷ್ಟು ಬೇಗ ರಿಪೇರಿ ಅಂಗಡಿಗೆ ಒಯ್ಯಬೇಕು. ಸಾರು, ಟೀ, ಎಳನೀರು, ಸೋಪಿನ ನೀರು ಬಿದ್ದಿದ್ದರಂತೂ ತಡ ಮಾಡಲೇಬಾರದು. ಅಲ್ಲಿ ಮೊದಲು ಫೋನ್ ಬಿಚ್ಚಿ ಬ್ಯಾಟರಿಯನ್ನು ಬೇರೆ ಮಾಡುತ್ತಾರೆ. ಹಲವು ಫೋನುಗಳ ಸಿಮ್ ಗೂಡಿನೊಳಗೆ ಒಂದು ಬಿಳಿ ಚುಕ್ಕಿ ಅಂಟಿಸಿರುತ್ತಾರೆ. ನೀರು ತಾಗಿದರೆ ಅದು ಕೆಂಪಾಗುತ್ತದೆ. ಅದನ್ನು ನೋಡಿದರೆ ಸಾಕು, "ನೀರಿಗೆ ಬಿದ್ದಿಲ್ಲ ಸಾರ್" ಎಂಬ ಮಾತು ನಡೆಯುವುದಿಲ್ಲ!

ಆಮೇಲೆ ಮೃದುವಾದ ಬ್ರಷ್ಷಿನಿಂದ ಬೋರ್ಡನ್ನು ತೊಳೆಯುತ್ತಾರೆ. ತೊಳೆಯುವುದು ಐಪಿಎ ಎಂಬ ದ್ರವದಿಂದ. ಪೂರ್ತಿ ಹೆಸರು ಐಸೊಪ್ರೊಪೈಲ್ ಆಲ್ಕೋಹಾಲ್. ಅದು ನೀರಿನೊಂದಿಗೆ ಬೆರೆತು, ನೀರು ಅಡಗಿದ ಸಂದಿನೊಳಗೂ ನುಗ್ಗಿ, ಅದನ್ನು ಹೊರಗೆ ತರುತ್ತದೆ, ಬೇಗ ಆವಿಯೂ ಆಗುತ್ತದೆ. ಅದರಲ್ಲಿ ವಿದ್ಯುತ್ ಸುಲಭವಾಗಿ ಹರಿಯುವುದಿಲ್ಲ. ಹಾಗಿದ್ದರೆ ಹುಣಸೆಹುಳಿಯಲ್ಲೇ ತಿಕ್ಕಬಾರದೇ ಎಂದು ನಿಮ್ಮಲ್ಲಿ ಯಾರೋ ಕೇಳುತ್ತಿದ್ದೀರಿ. ಬೇಡಪ್ಪಾ! ಹುಳಿನೀರಿನಲ್ಲಿ ವಿದ್ಯುತ್ ಇನ್ನೂ ಚೆನ್ನಾಗಿ ಹರಿಯುತ್ತದೆ. ಚೊಂಬಿಗೆ ಅದು ಮದ್ದು, ಬೋರ್ಡಿಗೆ ವಿಷ. ಐಪಿಎಗೆ ಬೆಂಕಿ ಬೇಗ ಹತ್ತುತ್ತದೆ, ಹಾಗಾಗಿ ಅದು ಅಂಗಡಿಯವರ ಕೈಯಲ್ಲೇ ಇರಲಿ.

"ನಮ್ಮದು ವಾಟರ್‌ಪ್ರೂಫ್ ಫೋನು" ಎಂದು ಹೆಮ್ಮೆಪಡುವವರಿಗೊಂದು ಮಾತು. ಪೆಟ್ಟಿಗೆಯ ಮೇಲೆ ಐಪಿ67 ಎಂದಿದ್ದರೆ, 6 ಎಂಬುದು ಧೂಳಿಗೆ, 7 ಎಂಬುದು ನೀರಿಗೆ. ಒಂದು ಮೀಟರ್ ಆಳದ ಸಿಹಿನೀರಿನಲ್ಲಿ 30 ನಿಮಿಷ ತಡೆದುಕೊಂಡಿದೆ ಎಂದರ್ಥ. ಅದು ಹೊಸ ಫೋನಿನ ಪರೀಕ್ಷೆ. ಒಳಗಿನ ಅಂಟು, ರಬ್ಬರು ಹಳೆಯದಾಗುತ್ತಾ ಬಂದಂತೆ, ಒಂದೆರಡು ಸಲ ಕೆಳಗೆ ಬಿದ್ದಂತೆ ಆ ಶಕ್ತಿ ಕುಂದುತ್ತದೆ. ಮನೆಯ ಸಂಪಂತೂ ಒಂದು ಮೀಟರಿಗಿಂತ ಆಳವೇ ಇರುತ್ತದೆ.

ಉಳಿಯದೇ ಹೋದರೆ?

ಎಷ್ಟು ಮಾಡಿದರೂ ಕೆಲವು ಫೋನುಗಳು ಉಳಿಯುವುದಿಲ್ಲ. ಅವನ್ನು ತಿಪ್ಪೆಗೆ ಎಸೆಯಬೇಡಿ, ಸುಡಲೂ ಬೇಡಿ. ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಯಲ್ಲಿ ಇ-ಪರಿಸರ ಎಂಬ ಘಟಕವಿದೆ. 2005ರಲ್ಲಿ ಆರಂಭವಾದ ಅದು ದೇಶದ ಮೊದಮೊದಲ ಅಧಿಕೃತ ಇ-ತ್ಯಾಜ್ಯ ಘಟಕಗಳಲ್ಲಿ ಒಂದು. ಅಂಥ ಕಡೆ ಕೆಟ್ಟ ಬೋರ್ಡುಗಳಿಂದ ತಾಮ್ರ, ಬೆಳ್ಳಿ, ಚಿನ್ನವನ್ನೂ ಮರಳಿ ಪಡೆಯುತ್ತಾರೆ. ಇತ್ತ ದೇವನಹಳ್ಳಿ ಬಳಿಯ ಫಾಕ್ಸ್‌ಕಾನ್ ಕಾರ್ಖಾನೆಯಲ್ಲಿ 2025ರಿಂದ ಹೊಸ ಐಫೋನುಗಳು ತಯಾರಾಗುತ್ತಿವೆ. ಫೋನು ಹುಟ್ಟುವ ಜಾಗವೂ, ಸತ್ತ ಫೋನು ಮತ್ತೆ ಲೋಹವಾಗುವ ಜಾಗವೂ ನಮ್ಮ ಜಿಲ್ಲೆಯಲ್ಲೇ ಇವೆ ನೋಡಿ.

ಇನ್ನು ಆ ತೊಟ್ಟಿಯ ಬಳಿ ನಿಂತು ಅಳುತ್ತಿದ್ದ ಹುಡುಗಿ. ಅವಳ ಜಾಗದಲ್ಲಿ ನಾಳೆ ನೀವೇ ಇರಬಹುದು. ಬೈಗುಳಕ್ಕೆ ಹೆದರಿ ಫೋನನ್ನು ಒರೆಸಿ ಸುಮ್ಮನೆ ಮೇಜಿನ ಮೇಲೆ ಇಟ್ಟುಬಿಡಬೇಡಿ. ನೀವು ಮುಚ್ಚಿಟ್ಟ ಅರ್ಧ ಗಂಟೆಯಲ್ಲಿ ಒಳಗೆ ಕಿಲುಬು ಕೆಲಸ ಮಾಡುತ್ತಿರುತ್ತದೆ. ಮೊದಲು ಆಫ್ ಮಾಡಿ, ಆಮೇಲೆ ನಿಜ ಹೇಳಿ. ಅಳುವುದಿದ್ದರೆ ಅದಾದ ಮೇಲೆ ಅತ್ತರಾಯಿತು.